ಸರೋವರದ ದಡದಿಂದ ಲೂರ್ ಹಾಕಿ ಟ್ರೌಟ್ ಹಿಡಿಯುವ ಬಗೆ: ಸಮಗ್ರ ಮಾರ್ಗದರ್ಶಿ

ಸರೋವರದ ದಡಕ್ಕೆ ಮೊದಲ ಸಲ ಗಾಳದ ಕೋಲು ಹಿಡಿದು ಬಂದವರು ಸಾಮಾನ್ಯವಾಗಿ ಮಾಡುವ ಕೆಲಸವೊಂದಿದೆ. ನೀರಿನ ಅಂಚಿಗೆ ನೇರವಾಗಿ ನಡೆದುಹೋಗಿ, ಮೈಯಲ್ಲಿರುವ ಬಲವನ್ನೆಲ್ಲ ತೋಳಿಗೆ ತಂದುಕೊಂಡು, ಕೈಲಾದಷ್ಟು ದೂರಕ್ಕೆ ಲೂರ್ ಎಸೆಯುತ್ತಾರೆ. ದೊಡ್ಡ ಮೀನು ನಡುನೀರಿನಲ್ಲೇ ಇರುತ್ತದೆ ಎಂಬ ಊಹೆ ಇದರ ಹಿಂದಿದೆ. ಆದರೆ ನೀರು ತಂಪಾಗಿರುವಷ್ಟು ಕಾಲ ಟ್ರೌಟ್ ಮೀನು ಆಹಾರಕ್ಕಾಗಿ ದಡದ ಅಂಚಿನಲ್ಲೇ ಹೆಚ್ಚು ಸುತ್ತಾಡುತ್ತದೆ. ಬಿಸಿಲು ತಳವನ್ನು ಮುಟ್ಟುವ ಆ ಪಟ್ಟಿಯಲ್ಲಿಯೇ ಜಲಸಸ್ಯಗಳು ಬೆಳೆಯುತ್ತವೆ, ಕೀಟಗಳ ಮರಿಗಳು ಹರಿದಾಡುತ್ತವೆ, ಚಿಕ್ಕ ಮೀನುಗಳು ಅಡಗಿಕೊಳ್ಳುತ್ತವೆ. ಅಂಚಿಗೆ ಬಂದು ನಿಂತ ಕ್ಷಣದಲ್ಲೇ ಆ ಹೊಸಬರು ತಮಗೆ ಸಿಗಬಹುದಾಗಿದ್ದ ಮೊದಲ ಮೀನನ್ನು ಓಡಿಸಿಬಿಟ್ಟಿರುತ್ತಾರೆ. ದೂರಕ್ಕಿಂತ ಆಳ ಮುಖ್ಯ, ಲೂರಿನ ಬಣ್ಣಕ್ಕಿಂತ ಅದು ಎಷ್ಟು ಆಳದಲ್ಲಿ ಸಾಗುತ್ತದೆ ಎಂಬುದು ಮುಖ್ಯ ಎಂಬ ನಂಬಿಕೆಯ ಮೇಲೆ ಈ ಮಾರ್ಗದರ್ಶಿ ನಿಂತಿದೆ.

ಲೂರ್ ಎಂದರೆ ಹುಸಿ ಎರೆ. ಲೋಹ, ಮರ, ಪ್ಲಾಸ್ಟಿಕ್ ಅಥವಾ ಮೆತ್ತನೆಯ ರಬ್ಬರಿನಂಥ ವಸ್ತುವಿನಿಂದ ಮಾಡಿದ, ನೀರಿನಲ್ಲಿ ಎಳೆದಾಗ ಜೀವವಿರುವಂತೆ ಅಲುಗಾಡುವ ಸಾಧನ ಅದು. ಎರೆಹುಳುವನ್ನು ಕೊಕ್ಕೆಗೆ ಸಿಕ್ಕಿಸಿ ಕಾಯುವ ಪದ್ಧತಿಯಲ್ಲಿ ಮೀನು ಎರೆಯ ಬಳಿಗೆ ಬರಬೇಕು. ಲೂರ್ ಪದ್ಧತಿಯಲ್ಲಿ ನಾವೇ ಮೀನನ್ನು ಹುಡುಕಿಕೊಂಡು ಹೋಗುತ್ತೇವೆ. ಹಾಗಾಗಿ ಇದು ನಡೆದಾಡುವವರ, ಎಣಿಸುವವರ, ನೀರನ್ನು ಗಮನಿಸುವವರ ಗಾಳ.

ಮೀನಿನ ಸ್ವಭಾವ

ಸರೋವರಗಳಲ್ಲಿ ಹೆಚ್ಚಾಗಿ ಸಿಗುವುದು ರೇನ್‌ಬೋ ಟ್ರೌಟ್ ಮತ್ತು ಬ್ರೌನ್ ಟ್ರೌಟ್. ಮೊದಲನೆಯದು ಉತ್ತರ ಅಮೆರಿಕದ ಪಶ್ಚಿಮ ಭಾಗ ಮತ್ತು ರಷ್ಯಾದ ಕಮ್ಚಾಟ್ಕಾ ಪ್ರದೇಶದ ಮೂಲನಿವಾಸಿ. ಎರಡನೆಯದು ಯುರೋಪು ಮತ್ತು ಪಶ್ಚಿಮ ಏಷ್ಯಾದ ಕಡೆಯದು. ಮನುಷ್ಯರು ಇವೆರಡನ್ನೂ ತಂಪು ನೀರಿರುವ ಎಷ್ಟೋ ದೇಶಗಳಿಗೆ ಒಯ್ದು ಬಿಟ್ಟಿದ್ದಾರೆ. ಬ್ರೂಕ್ ಟ್ರೌಟ್ ಮತ್ತು ಲೇಕ್ ಟ್ರೌಟ್ ಎಂದು ಕರೆಯಲಾಗುವವು ವಾಸ್ತವವಾಗಿ ಚಾರ್ ಎಂಬ ಹತ್ತಿರದ ಗುಂಪಿಗೆ ಸೇರಿದವಾದರೂ ಅವುಗಳನ್ನು ಹಿಡಿಯುವ ಕ್ರಮದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಲೇಕ್ ಟ್ರೌಟ್ ಮಾತ್ರ ವರ್ಷದ ಬಹುಭಾಗವನ್ನು ಬಹಳ ಆಳದಲ್ಲಿ ಕಳೆಯುವುದರಿಂದ ದಡದಲ್ಲಿರುವವರಿಗೆ ವಸಂತದ ಆರಂಭದಲ್ಲಿ ಮತ್ತು ಶರತ್ಕಾಲದ ಕೊನೆಯಲ್ಲಷ್ಟೇ ಎಟುಕುತ್ತದೆ.

ನದಿಯ ಟ್ರೌಟ್ ಒಂದು ಕಲ್ಲಿನ ಹಿಂದೆ ನಿಂತು, ಹರಿವು ಹೊತ್ತು ತರುವ ಆಹಾರಕ್ಕೆ ಕಾಯುತ್ತದೆ. ಸರೋವರದಲ್ಲಿ ಹರಿವೇ ಇಲ್ಲ; ಆಹಾರ ತಾನಾಗಿ ಬರುವುದಿಲ್ಲವಾದ್ದರಿಂದ ಮೀನೇ ಅಲೆಯಬೇಕಾಗುತ್ತದೆ. ಈಗ ಖಾಲಿ ಇರುವ ನೀರಿನಲ್ಲಿ ಹತ್ತು ನಿಮಿಷದ ನಂತರ ಮೂರು ಮೀನು ಹಾದುಹೋಗಬಹುದು ಎಂಬುದನ್ನು ತಿಳಿದವರು ಒಂದು ಜಾಗವನ್ನು ಬೇಗ ಬಿಟ್ಟುಕೊಡುವುದೂ ಇಲ್ಲ, ಅಲ್ಲೇ ಬೇರೂರುವುದೂ ಇಲ್ಲ.

ಅವು ಯಾವ ಆಳದಲ್ಲಿ ಅಲೆಯುತ್ತವೆ ಎಂಬುದನ್ನು ಮುಖ್ಯವಾಗಿ ನೀರಿನ ತಾಪಮಾನ ನಿರ್ಧರಿಸುತ್ತದೆ. ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಟ್ರೌಟ್ ಚುರುಕಾಗಿ ಬೇಟೆಯಾಡುತ್ತದೆ. 4–5 ಡಿಗ್ರಿಯ ನೀರಿನಲ್ಲಿ ನಿಧಾನವಾಗಿ ತಿನ್ನುತ್ತದೆ. 20 ಡಿಗ್ರಿ ದಾಟಿದರೆ ಸಂಕಟಪಡುತ್ತದೆ. ಬೆಚ್ಚಗಿನ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಕಡಿಮೆ: ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಮಾತ್ರ. ಬಿಸಿ ಏರಿದಂತೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ, ಸಿಗುವುದು ಮಾತ್ರ ಕಡಿಮೆಯಾಗುತ್ತದೆ.

ಇದರಿಂದ ಋತುಗಳ ಲೆಕ್ಕ ತಾನಾಗಿಯೇ ಹೊರಡುತ್ತದೆ. ಚಳಿಗಾಲದ ಮಂಜುಗಡ್ಡೆ ಕರಗಿದ ಕೂಡಲೇ ಮೇಲಿನಿಂದ ತಳದವರೆಗೆ ನೀರೆಲ್ಲ ಸುಮಾರು 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಆ ತಾಪಮಾನದಲ್ಲಿ. ಆಗ ಗಾಳಿಗೆ ಇಡೀ ಸರೋವರ ಕಲಕಿ ಒಂದಾಗುತ್ತದೆ, ಮೀನು ಎಲ್ಲಿ ಬೇಕಾದರೂ ಇರಬಹುದು, ಆದರೆ ಬಿಸಿಲಿಗೆ ಮೊದಲು ಬೆಚ್ಚಗಾಗುವ ಆಳವಿಲ್ಲದ ದಡವೇ ಅದನ್ನು ಸೆಳೆಯುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಬಿಸಿಯಾಗಿ ತಳದ ತಣ್ಣನೆಯ ನೀರಿನಿಂದ ಬೇರ್ಪಡುತ್ತದೆ. ಇವೆರಡರ ನಡುವೆ ತಾಪಮಾನ ತಟಕ್ಕನೆ ಕುಸಿಯುವ ತೆಳು ಪದರವೊಂದು ಏರ್ಪಟ್ಟು, ಟ್ರೌಟ್ ಹಗಲೆಲ್ಲ ಅದರ ಹತ್ತಿರವೇ ಉಳಿಯುತ್ತದೆ. ಆಗ ದಡದಲ್ಲಿರುವವರಿಗೆ ಬೆಳಗಿನ ಮಬ್ಬು, ಸಂಜೆಯ ಕೊನೆಯ ಒಂದು ಗಂಟೆ ಮತ್ತು ಒಮ್ಮೆಗೇ ಆಳಕ್ಕೆ ಇಳಿಯುವ ಕಡಿದಾದ ದಡಗಳಷ್ಟೇ ಉಳಿಯುತ್ತವೆ. ಶರತ್ಕಾಲದಲ್ಲಿ ಮೇಲ್ಪದರ ತಣಿದು ನೀರು ಮತ್ತೆ ಬೆರೆಯುವಾಗ ಮೀನುಗಳು ದಡಕ್ಕೆ ಮರಳುತ್ತವೆ. ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಇದೇ ಕಾಲದಲ್ಲಾದ್ದರಿಂದ ಅದು ಆಗ ಸಿಡುಕಿನಿಂದಲೂ ಲೂರನ್ನು ಕಚ್ಚುತ್ತದೆ. ರೇನ್‌ಬೋ ಮೂಲತಃ ವಸಂತದಲ್ಲಿ ಮೊಟ್ಟೆಯಿಡುವ ಮೀನು.

ಚೀಲದಲ್ಲಿ ಹತ್ತು ಹೊಸ ಲೂರುಗಳಿಗಿಂತ ಒಂದು ಸಾಧಾರಣ ಥರ್ಮಾಮೀಟರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸಲಕರಣೆ

ಮೊದಲು ನಿಯಮಗಳು. ಪರವಾನಗಿ, ಮೀನು ಹಿಡಿಯಬಹುದಾದ ತಿಂಗಳುಗಳು, ಇಟ್ಟುಕೊಳ್ಳಬಹುದಾದ ಗಾತ್ರ ಮತ್ತು ಸಂಖ್ಯೆ, ಮುಳ್ಳಿಲ್ಲದ (ಮೊನೆಯ ಬಳಿ ಹಿಮ್ಮುಖ ಚೂಪಿಲ್ಲದ) ಕೊಕ್ಕೆ ಕಡ್ಡಾಯವೇ ಎಂಬುದು, ಒಂದು ಲೂರಿಗೆ ಎಷ್ಟು ಕೊಕ್ಕೆ ಇರಬಹುದು ಎಂಬುದು, ಇವೆಲ್ಲ ಸರೋವರದಿಂದ ಸರೋವರಕ್ಕೆ ಬದಲಾಗುತ್ತವೆ. ಕೆಲವು ನೀರುಗಳಲ್ಲಿ ಲೂರ್ ಬಳಕೆಗೇ ಅವಕಾಶವಿಲ್ಲ. ಮನೆಯಿಂದ ಹೊರಡುವ ಮುನ್ನವೇ ಇದನ್ನು ಓದಿಕೊಳ್ಳಬೇಕು.

ಕೋಲು 2.1ರಿಂದ 2.7 ಮೀಟರ್ ಉದ್ದದ, 3ರಿಂದ 15 ಗ್ರಾಂವರೆಗಿನ ಲೂರ್ ಎಸೆಯಲು ಯೋಗ್ಯವಾದ ಹಗುರ ಸ್ಪಿನ್ನಿಂಗ್ (ರೀಲು ಹಿಡಿಯ ಕೆಳಗೆ ತೂಗುವ) ಕೋಲಾಗಿರಲಿ. ದೋಣಿಯಲ್ಲಿರುವವರಿಗೆ ಗಿಡ್ಡ ಕೋಲು ಅನುಕೂಲ; ದಡದಲ್ಲಿ ನಿಂತವರಿಗೆ ಉದ್ದನೆಯ ಕೋಲೇ ಮೇಲು, ಏಕೆಂದರೆ ಅದು ಎಸೆತವನ್ನು ದೂರ ಒಯ್ಯುವುದರ ಜೊತೆಗೆ ಅಂಚಿನ ಕಲ್ಲು ಮತ್ತು ಜೊಂಡುಗಳ ಮೇಲೆ ದಾರವನ್ನು ಎತ್ತಿಹಿಡಿಯುತ್ತದೆ. ತುದಿ ಮೆದುವಾಗಿ ಬಾಗುವಂತಿರಬೇಕು. ಟ್ರೌಟಿನ ಬಾಯಿಯ ಅಂಚು ಮೃದು. ಗಡಸು ಕೋಲಿನಿಂದ ಎಳೆದರೆ ಕೊಕ್ಕೆ ಕಿತ್ತು ಬರುತ್ತದೆ. ದಾರ ಸುತ್ತುವ ರೀಲು, ತಯಾರಕರ ಗಾತ್ರದ ಸಂಖ್ಯೆಯಲ್ಲಿ 2000 ಅಥವಾ 2500ರದು ಸಾಕು. ರೀಲಿನ ಬೆಲೆಗಿಂತ ಅದರ ಡ್ರ್ಯಾಗ್, ಅಂದರೆ ಮೀನು ಬಲವಾಗಿ ಎಳೆದಾಗ ದಾರವನ್ನು ಅಳತೆಯಾಗಿ ಬಿಟ್ಟುಕೊಡುವ ತಿರುಪು, ಮುಗ್ಗರಿಸದೆ ನುಣ್ಣಗೆ ಕೆಲಸ ಮಾಡುತ್ತದೆಯೇ ಎಂಬುದನ್ನು ನೋಡಬೇಕು.

ದಾರದ ವಿಷಯದಲ್ಲಿ ಎರಡು ದಾರಿಗಳಿವೆ. 0.18ರಿಂದ 0.22 ಮಿಲಿಮೀಟರ್ ದಪ್ಪದ ನೈಲಾನ್ ದಾರ ಅಗ್ಗ, ಹಿಗ್ಗುತ್ತದೆ, ಹೊಸಬರ ತಪ್ಪುಗಳನ್ನು ಕ್ಷಮಿಸುತ್ತದೆ. ಹೆಣೆದ ದಾರ ಅಷ್ಟೇ ಬಲಕ್ಕೆ ತುಂಬ ತೆಳ್ಳಗಿರುವುದರಿಂದ ದೂರ ಹೋಗುತ್ತದೆ, ಹಿಗ್ಗದೆ ಇರುವುದರಿಂದ ಲೂರಿನ ಪ್ರತಿಯೊಂದು ನಡುಕವನ್ನೂ ಕೈಗೆ ತಲುಪಿಸುತ್ತದೆ. ಆದರೆ ನೀರಿನಲ್ಲಿ ಎದ್ದು ಕಾಣುತ್ತದೆ, ಕಲ್ಲಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಹಾಗಾಗಿ ಅದರ ತುದಿಗೆ 1ರಿಂದ 1.5 ಮೀಟರ್ ಉದ್ದದ, ನೀರಿನಲ್ಲಿ ಅಷ್ಟಾಗಿ ಕಾಣದ ಫ್ಲೋರೋಕಾರ್ಬನ್ ದಾರವನ್ನು ಸೇರಿಸಬೇಕು. ಮೊದಲ ವರ್ಷ ನೈಲಾನ್ ಬಳಸಿ, ಕೈ ಪಳಗಿದ ಮೇಲೆ ಹೆಣೆದ ದಾರಕ್ಕೆ ಬದಲಾಗುವುದು ನನಗೆ ಸರಿಯಾಗಿ ಕಾಣುತ್ತದೆ.

ರೀಲಿಗೆ ದಾರ ಸುತ್ತುವಾಗ ಸ್ಪೂಲಿನ (ದಾರ ಸುತ್ತಿಕೊಳ್ಳುವ ಉರುಳೆಯ) ಅಂಚಿನಿಂದ ಒಂದೆರಡು ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು. ಕಡಿಮೆ ಸುತ್ತಿದರೆ ದಾರ ಅಂಚಿಗೆ ಉಜ್ಜಿ ಎಸೆತ ಗಿಡ್ಡವಾಗುತ್ತದೆ. ತುಂಬಿ ತುಳುಕಿದರೆ ಎಸೆಯುವಾಗ ಸುರುಳಿ ಸುರುಳಿಯಾಗಿ ಉದುರಿ ಸಿಕ್ಕಾಗುತ್ತದೆ.

ಉಳಿದಂತೆ ಧ್ರುವೀಕೃತ ಗಾಜಿನ ಕನ್ನಡಕ, ಅಂಚಿರುವ ಟೋಪಿ, ರಬ್ಬರ್ ಹೆಣಿಗೆಯ ಉದ್ದ ಹಿಡಿಯ ಕೈಬಲೆ, ಮೊನಚು ಮೂತಿಯ ಇಕ್ಕಳ, ದಾರ ಕತ್ತರಿಸುವ ಸಾಧನ ಬೇಕು. ಕನ್ನಡಕವನ್ನು ಬಿಟ್ಟು ಹೋಗಬಾರದು: ನೀರಿನ ಮೇಲಿನ ಹೊಳಪನ್ನು ತೆಗೆದು ತಳವನ್ನು ತೋರಿಸುತ್ತದೆ ಎಂಬುದು ಒಂದಾದರೆ, ಗಾಳಿಯಲ್ಲಿ ತಿರುಗಿ ಬರುವ ಕೊಕ್ಕೆಯಿಂದ ಕಣ್ಣನ್ನು ಕಾಯುತ್ತದೆ ಎಂಬುದು ಅದಕ್ಕಿಂತ ದೊಡ್ಡದು.

ಎರಡು ಗಂಟುಗಳು

ಕೊಕ್ಕೆ ಅಥವಾ ಲೂರಿನ ಕಣ್ಣಿಗೆ, ಅಂದರೆ ದಾರ ಕಟ್ಟುವ ಪುಟ್ಟ ಬಳೆಗೆ, ಕ್ಲಿಂಚ್ ಗಂಟು ಸಾಕು. ದಾರದ ತುದಿಯನ್ನು ಕಣ್ಣಿನೊಳಗೆ ತೂರಿಸಿ, ಮೂಲ ದಾರದ ಸುತ್ತ ಐದಾರು ಬಾರಿ ಸುತ್ತಿ, ಕಣ್ಣಿನ ಪಕ್ಕದಲ್ಲೇ ಉಂಟಾದ ಪುಟ್ಟ ಕುಣಿಕೆಯೊಳಗೆ ತುದಿಯನ್ನು ತಂದು, ಹಾಗೆ ತಂದಾಗ ಏರ್ಪಡುವ ದೊಡ್ಡ ಕುಣಿಕೆಯೊಳಗೆ ಮತ್ತೊಮ್ಮೆ ತೂರಿಸಿ, ನೀರಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಬೇಕು. ಒಣಗಿದ ದಾರವನ್ನು ಬಿಗಿದರೆ ಉಜ್ಜಿದ ಬಿಸಿಗೆ ಅದು ಅಲ್ಲೇ ದುರ್ಬಲವಾಗುತ್ತದೆ. ಹೆಣೆದ ದಾರವನ್ನು ಫ್ಲೋರೋಕಾರ್ಬನ್‌ಗೆ ಸೇರಿಸಲು ಜೋಡಿ ಯೂನಿ ಗಂಟನ್ನು ಕಲಿಯಿರಿ: ಎರಡು ದಾರಗಳನ್ನು ಎದುರುಬದುರಾಗಿ ಜೋಡಿಸಿ, ಪ್ರತಿಯೊಂದರ ತುದಿಯಿಂದ ಕುಣಿಕೆ ಮಾಡಿ, ಫ್ಲೋರೋಕಾರ್ಬನ್ ಕಡೆ ಐದು ಸುತ್ತು, ನುಣುಪಾದ ಹೆಣೆದ ದಾರದ ಕಡೆ ಎಂಟು ಸುತ್ತು ಹಾಕಿ, ಎರಡೂ ಗಂಟುಗಳು ಒಂದಕ್ಕೊಂದು ತಾಗುವವರೆಗೆ ಎಳೆಯಬೇಕು. ಪ್ರತಿ ಮೀನಿನ ನಂತರ, ಪ್ರತಿ ಸಲ ಕಲ್ಲಿಗೆ ಸಿಕ್ಕಿ ಬಿಡಿಸಿಕೊಂಡ ನಂತರ ದಾರದ ಕೊನೆಯ ಅರ್ಧ ಮೀಟರನ್ನು ಬೆರಳುಗಳ ನಡುವೆ ಎಳೆದು ನೋಡಿ. ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಿ.

ಲೂರುಗಳ ಆಯ್ಕೆ

ಅಂಗಡಿಯ ಗೋಡೆ ತುಂಬ ಲೂರುಗಳಿರುತ್ತವೆ. ಅವುಗಳಲ್ಲಿ ಹಲವು ಮೀನಿಗಿಂತ ಮೊದಲು ಗಿರಾಕಿಯನ್ನೇ ಹಿಡಿಯುತ್ತವೆ. ನಾಲ್ಕು ಬಗೆಗಳನ್ನು ಅರ್ಥ ಮಾಡಿಕೊಂಡರೆ ಉಳಿದವು ಅವುಗಳ ನೆಂಟರು.

ಸ್ಪೂನ್ ಎಂಬುದು ಹೆಸರೇ ಹೇಳುವಂತೆ ಹಿಡಿಯಿಲ್ಲದ ಚಮಚದ ಆಕಾರದ ಬಾಗಿದ ಲೋಹದ ತಗಡು. ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ದಡದವರ ಮಟ್ಟಿಗೆ ಇದೇ ಮೊದಲ ಆಯ್ಕೆ, ಏಕೆಂದರೆ ಭಾರಕ್ಕೆ ತಕ್ಕಂತೆ ದೂರ ಹೋಗುತ್ತದೆ, ಬೇಕಾದ ಆಳಕ್ಕೆ ಮುಳುಗುತ್ತದೆ, ಮುಳುಗುವಾಗಲೂ ತೊನೆಯುತ್ತ ಮೀನನ್ನು ಕರೆಯುತ್ತದೆ. ದಪ್ಪ ತಗಡಿನ ಕಿರಿದಾದ ಸ್ಪೂನ್ ಗಾಳಿಯನ್ನು ಸೀಳಿಕೊಂಡು ಹೋಗಿ ಬೇಗ ಮುಳುಗುತ್ತದೆ; ತೆಳು ತಗಡಿನ ಅಗಲ ಸ್ಪೂನ್ ನಿಧಾನವಾಗಿ ಎಳೆದರೂ ಚೆನ್ನಾಗಿ ಹೊಯ್ದಾಡುತ್ತದೆ. 5ರಿಂದ 12 ಗ್ರಾಂ ತೂಕದಲ್ಲಿ ಎರಡೂ ಬಗೆ ಒಂದೊಂದು ಇರಲಿ.

ಸ್ಪಿನ್ನರ್ ಎಂದರೆ ತಂತಿಯೊಂದರ ಸುತ್ತ ಎಲೆಯಾಕಾರದ ತಗಡು ಗಿರಗಿರನೆ ಸುತ್ತುವ ಲೂರ್. 1938ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಮೆಪ್ಸ್ ಕಂಪನಿಯ ಸ್ಪಿನ್ನರುಗಳು ಈ ಬಗೆಗೆ ಜಗತ್ತಿನಾದ್ಯಂತ ಹೆಸರು ತಂದವು. ತಗಡು ಸುತ್ತುವಾಗ ಹೊಮ್ಮುವ ಕಂಪನವನ್ನು ಮೀನು ತನ್ನ ಮೈಯ ಪಕ್ಕದಲ್ಲಿ ಉದ್ದಕ್ಕೂ ಹಾಯ್ದಿರುವ ಸಂವೇದಕ ರೇಖೆಯಿಂದ ಅರಿಯುತ್ತದೆ. ಆದ್ದರಿಂದ ನೀರು ಕದಡಿರುವಾಗ, ಬೆಳಕು ಮಂಕಾಗಿರುವಾಗ ಸ್ಪಿನ್ನರ್ ಬೇರೆಲ್ಲವನ್ನೂ ಹಿಂದಿಕ್ಕುತ್ತದೆ. ಅದರ ದೋಷವೆಂದರೆ ದಾರವನ್ನು ಹುರಿಗೊಳಿಸುವುದು. ಲೂರಿಗಿಂತ ಅರ್ಧ ಮೀಟರ್ ಮೇಲೆ ಒಂದು ಪುಟ್ಟ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದು ಮರಿಮೀನಿನ ಆಕಾರದ ಪ್ಲಗ್. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಬೆಂಡು ಮರವನ್ನು ಕೆತ್ತಿ, ಚಾಕೊಲೇಟಿನ ಹೊಳೆಯುವ ಕಾಗದ ಸುತ್ತಿ, ಕರಗಿಸಿದ ಫೋಟೊ ನೆಗೆಟಿವ್‌ನ ಲೇಪ ಹಚ್ಚಿ ತಯಾರಿಸಿದ ಲೂರ್ ಈ ವಂಶದ ಹಿರಿಯ. ಗಾಯಗೊಂಡ ಮೀನು ಒಂದು ಪಕ್ಕಕ್ಕೆ ವಾಲಿಕೊಂಡು ಈಜುವುದನ್ನು ರಾಪಾಲಾ ಗಮನಿಸಿದ್ದರು. ಬೇಟೆಯಾಡುವ ಮೀನು ಗುಂಪಿನಲ್ಲಿ ಅಂಥದ್ದನ್ನೇ ಆರಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ಅವರ ಲೂರಿನ ಓಲಾಟದಲ್ಲಿದೆ. 5ರಿಂದ 7 ಸೆಂಟಿಮೀಟರ್ ಉದ್ದದ, ನಿಧಾನವಾಗಿ ಮುಳುಗುವ ಪ್ಲಗ್ ದಡಕ್ಕೆ ಸೂಕ್ತ. ಗಾಳಿಗೆದುರಾಗಿ ಇದು ದೂರ ಹೋಗುವುದಿಲ್ಲ. ಇದನ್ನು ಬಿಗಿಯಾದ ಗಂಟಿನ ಬದಲು ಸಡಿಲ ಕುಣಿಕೆಯಿಂದ ಅಥವಾ ಪುಟ್ಟ ಕ್ಲಿಪ್ಪಿನಿಂದ ಕಟ್ಟಿದರೆ ಓಲಾಟ ಮುಕ್ತವಾಗುತ್ತದೆ. ನಾಲ್ಕನೆಯದು 2ರಿಂದ 4 ಗ್ರಾಂ ತೂಕದ ಜಿಗ್ ತಲೆಗೆ (ಲೋಹದ ಗುಂಡು ಸೇರಿಸಿದ ಕೊಕ್ಕೆಗೆ) ಸಿಕ್ಕಿಸಿದ ಮೆತ್ತನೆಯ ಪುಟ್ಟ ಮೀನು ಅಥವಾ ಹುಳು. ತಳಕ್ಕಂಟಿಕೊಂಡ ಮೀನು ಬೇರೇನನ್ನೂ ಮೂಸದ ಚಳಿಯ ದಿನಗಳಲ್ಲಿ ಇದು ನೆರವಿಗೆ ಬರುತ್ತದೆ.

ಬಣ್ಣದ ಬಗ್ಗೆ ಗಾಳಗಾರರ ನಡುವೆ ನಡೆಯುವ ವಾದ ಎಂದೂ ಮುಗಿಯುವುದಿಲ್ಲ. ತಿಳಿನೀರು ಮತ್ತು ಬಿಸಿಲಿಗೆ ಬೆಳ್ಳಿ ಬಣ್ಣ, ಕಂದು ಅಥವಾ ಮಬ್ಬು ನೀರಿಗೆ ಚಿನ್ನ ಇಲ್ಲವೆ ತಾಮ್ರದ ಬಣ್ಣ, ಮುಸ್ಸಂಜೆಗೆ ಕಪ್ಪು: ಇಷ್ಟು ಸಾಕು. ಸಂಜೆಗೆ ಕಪ್ಪೇಕೆಂದರೆ, ಕೆಳಗಿನಿಂದ ನೋಡುವ ಮೀನಿಗೆ ಮಂಕು ಆಕಾಶದ ಎದುರು ಕಪ್ಪು ಆಕಾರವೇ ಸ್ಪಷ್ಟವಾಗಿ ಕಾಣುತ್ತದೆ. ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುವುದರಿಂದ ಕೈಯಲ್ಲಿ ಕಣ್ಣು ಕುಕ್ಕುವ ಕೆಂಪು ಲೂರ್ ಆಳದಲ್ಲಿ ಬೂದು ಬಣ್ಣದ್ದಾಗಿರುತ್ತದೆ.

ಕೊಂಡ ಲೂರಿನಲ್ಲಿ ಮೂರು ಮೊನೆಯ ಕೊಕ್ಕೆಯಿದ್ದರೆ ಅದನ್ನು ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡುವುದು ಒಳ್ಳೆಯದು. ತಳದ ಕಳೆಗೆ ಸಿಕ್ಕುವುದು ಕಡಿಮೆಯಾಗುತ್ತದೆ, ಮೀನಿನ ಬಾಯಿಯಿಂದ ಬಿಡಿಸುವುದು ಸುಲಭವಾಗುತ್ತದೆ, ನಿಮ್ಮದೇ ಬೆರಳಿನಿಂದ ಬಿಡಿಸಬೇಕಾದ ದಿನ ಬಂದರೆ ಅದೂ ಸುಲಭವಾಗುತ್ತದೆ.

ಎಲ್ಲಿ ನಿಲ್ಲಬೇಕು

ದಡವನ್ನು ತಲುಪಿದ ಮೇಲೆ ಕೋಲು ಜೋಡಿಸುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ. ನೆಲದ ಇಳಿಜಾರು ನೀರಿನೊಳಗೂ ಬಹುತೇಕ ಹಾಗೆಯೇ ಮುಂದುವರಿಯುತ್ತದೆ: ಕಡಿದಾದ ಗುಡ್ಡ ನೀರಿಗೆ ಇಳಿದಲ್ಲಿ ಆಳ ಹತ್ತಿರವಿರುತ್ತದೆ, ಚಪ್ಪಟೆ ಹುಲ್ಲುಗಾವಲಿನ ಮುಂದೆ ನೀರು ಬಹುದೂರ ಮೊಣಕಾಲುದ್ದವೇ ಇರುತ್ತದೆ. ನೀರಿನ ಬಣ್ಣ ತಿಳಿ ಹಸಿರಿನಿಂದ ಕಡು ನೀಲಿಗೆ ತಿರುಗುವ ಗೆರೆಯೇ ಆಳಕ್ಕೆ ಇಳಿಯುವ ಅಂಚು. ಟ್ರೌಟಿನ ಸುತ್ತಾಟದ ದಾರಿ ಸಾಮಾನ್ಯವಾಗಿ ಆ ಗೆರೆಗುಂಟ ಇರುತ್ತದೆ.

ಹಳ್ಳವೊಂದು ಬಂದು ಸೇರುವ ಬಾಯಿ ತಂಪು, ಆಮ್ಲಜನಕ, ಆಹಾರ ಮೂರನ್ನೂ ಒಟ್ಟಿಗೆ ತರುವುದರಿಂದ ಬೇಸಿಗೆಯಲ್ಲಿ ಮೊದಲು ನೋಡಬೇಕಾದ ಜಾಗ. ನೀರಿನೊಳಕ್ಕೆ ಚಾಚಿಕೊಂಡ ಭೂಶಿರದ ತುದಿಯೂ ಒಳ್ಳೆಯದು, ಏಕೆಂದರೆ ದಡಗುಂಟ ಅಲೆಯುವ ಮೀನು ಅದನ್ನು ಬಳಸಿಯೇ ಹೋಗಬೇಕು. ಜೊಂಡಿನ ಹೊರ ಅಂಚು, ಮುಳುಗಿದ ಮರ, ಅಣೆಕಟ್ಟಿನ ಕಲ್ಲುಕಟ್ಟಡದ ಬದಿ ಇವೆಲ್ಲ ಮರಿಮೀನುಗಳ ಅಡಗುತಾಣಗಳು.

ಗಾಳಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಗೆ ಬೆನ್ನು ಮಾಡಿ ನಿಂತರೆ ಎಸೆತ ಹಿತವಾಗಿರುತ್ತದೆ. ಆದ್ದರಿಂದ ಎಲ್ಲರೂ ಆ ಕಡೆಗೇ ಸೇರುತ್ತಾರೆ. ಆದರೆ ಗಾಳಿ ಮೇಲ್ಪದರದ ನೀರನ್ನೂ ಅದರೊಂದಿಗೆ ಕೀಟ ಮತ್ತು ಸೂಕ್ಷ್ಮಜೀವಿಗಳನ್ನೂ ಎದುರು ದಡಕ್ಕೆ ತಳ್ಳುತ್ತಿರುತ್ತದೆ. ಅಲೆ ಬಡಿಯುವ ಆ ದಡದಲ್ಲಿ ನೀರು ತುಸು ಕದಡಿ, ಮೀನು ಧೈರ್ಯದಿಂದ ಹತ್ತಿರ ಬರುತ್ತದೆ; ವಸಂತದಲ್ಲಿ ಬೆಚ್ಚನೆಯ ಮೇಲ್ನೀರೂ ಅಲ್ಲೇ ಶೇಖರವಾಗುತ್ತದೆ. ಗಾಳಿಗೆ ಮುಖ ಕೊಟ್ಟು, ಭಾರದ ಸ್ಪೂನನ್ನು ತಗ್ಗಿನಲ್ಲಿ ಎಸೆಯುವ ಕಷ್ಟವನ್ನು ಒಪ್ಪಿಕೊಂಡವರಿಗೆ ಹೆಚ್ಚು ಮೀನು ಸಿಗುತ್ತದೆ. ಕಡುಬೇಸಿಗೆಯಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗಬಹುದು: ಬಲವಾದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಬಿಸಿ ಮೇಲ್ನೀರು ಎದುರು ದಡಕ್ಕೆ ಸರಿದು, ಗಾಳಿ ಹೊರಡುವ ಕಡೆಯ ದಡದಲ್ಲಿ ತಳದ ತಣ್ಣೀರು ಮೇಲೇಳುತ್ತದೆ. ಥರ್ಮಾಮೀಟರ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ನೀರಿಗೆ ಸಮೀಪಿಸುವುದು

ನೀರಿನೊಳಗಿನ ಮೀನಿಗೆ ಹೊರಜಗತ್ತು ತಲೆಯ ಮೇಲಿನ ಒಂದು ದುಂಡು ಕಿಟಕಿಯ ಮೂಲಕ ಕಾಣುತ್ತದೆ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ಇಡೀ ದಿಗಂತ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಅಡಕವಾಗುತ್ತದೆ, ಕಿಟಕಿಯ ಅಂಚಿನಲ್ಲಿರುವುದು ನಜ್ಜುಗುಜ್ಜಾಗಿ ಕಾಣುತ್ತದೆ. ನೀರಿನ ಮಟ್ಟದಿಂದ ಮೇಲಕ್ಕೆ ಅಳೆದ ಸುಮಾರು 10 ಡಿಗ್ರಿ ಕೋನದೊಳಗಿರುವ ವಸ್ತು ಮೀನಿಗೆ ಸ್ಪಷ್ಟವಾಗಿ ತೋರುವುದಿಲ್ಲ ಎಂದು ಲೆಕ್ಕ ಹಿಡಿದರೆ, 10 ಮೀಟರ್ ದೂರದ ಮೀನಿನಿಂದ ಅಡಗಲು ಸುಮಾರು 1.75 ಮೀಟರ್ ಎತ್ತರದೊಳಗೆ ಇರಬೇಕು. 5 ಮೀಟರ್ ದೂರದ ಮೀನಿನಿಂದ ಅಡಗಲು ಅದರ ಅರ್ಧ, ಅಂದರೆ ಮಂಡಿಯೂರಬೇಕು. ಎತ್ತರದ ದಿಬ್ಬದ ಮೇಲೆ ನಿಂತರೆ ಈ ಲೆಕ್ಕವೆಲ್ಲ ಕೆಟ್ಟಿತು. ಆದ್ದರಿಂದ ಅಂಚಿನಿಂದ ಮೂರು ನಾಲ್ಕು ಮೀಟರ್ ಹಿಂದೆಯೇ ನಿಂತು, ಹಿಂಬದಿಗೆ ಪೊದೆ ಅಥವಾ ಬಂಡೆ ಇರುವಂತೆ ನೋಡಿಕೊಂಡು, ನೆರಳು ನೀರಿನ ಮೇಲೆ ಬೀಳದಂತೆ ಎಚ್ಚರವಹಿಸಿ ಮೊದಲ ಎಸೆತಗಳನ್ನು ಮಾಡಬೇಕು. ಕಲ್ಲುಗಳ ಮೇಲೆ ದಡದಡನೆ ನಡೆಯುವುದೂ ಬೇಡ. ನೆಲದ ಅದುರು ನೀರಿಗೆ ದಾಟುತ್ತದೆ.

ಎಸೆತ

ಲೂರ್ ಕೋಲಿನ ತುದಿಯಿಂದ 30–40 ಸೆಂಟಿಮೀಟರ್ ಕೆಳಗೆ ತೂಗಲಿ. ತೋರುಬೆರಳಿನಿಂದ ದಾರವನ್ನು ಹಿಡಿದು, ರೀಲಿನ ಬೇಲ್ ಎಂಬ ತಂತಿಯ ಹಿಡಿಯನ್ನು ತೆರೆಯಿರಿ. ಹಿಂದೆ ತಿರುಗಿ ನೋಡಿ. ಮರದ ಕೊಂಬೆಗಿಂತ ಮನುಷ್ಯರ ಬಗ್ಗೆ ಹೆಚ್ಚು ಎಚ್ಚರ ಬೇಕು. ಕೋಲನ್ನು ಭುಜದ ಹಿಂದಕ್ಕೆ ತಂದು, ಲೂರಿನ ಭಾರಕ್ಕೆ ಅದು ಬಾಗುವುದು ಕೈಗೆ ತಿಳಿದ ಕೂಡಲೇ ಮುಂದಕ್ಕೆ ಬೀಸಿ, ಕೋಲು ನೆತ್ತಿಯನ್ನು ದಾಟಿ ಗುರಿಯ ಕಡೆಗೆ ಓರೆಯಾಗುತ್ತಿರುವಾಗ ಬೆರಳನ್ನು ಬಿಡಿ. ಬೇಗ ಬಿಟ್ಟರೆ ಲೂರ್ ಆಕಾಶಕ್ಕೆ ಹೋಗುತ್ತದೆ, ತಡವಾದರೆ ಕಾಲ ಬುಡಕ್ಕೆ ಬಡಿಯುತ್ತದೆ. ಇದು ತೋಳಿನ ಬಲದ ಕೆಲಸವಲ್ಲ, ಕೋಲಿನ ಬಾಗಿನ ಕೆಲಸ. ಲೂರ್ ನೀರಿಗೆ ಬೀಳುವ ಮುನ್ನ ಸ್ಪೂಲಿನ ಅಂಚಿಗೆ ಬೆರಳು ತಾಗಿಸಿ ವೇಗ ತಗ್ಗಿಸಿದರೆ ಸದ್ದು ಕಡಿಮೆಯಾಗುತ್ತದೆ. ಬೇಲನ್ನು ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ, ಸಡಿಲ ದಾರವನ್ನು ಬಿಗಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ ದಾರದ ಸಿಕ್ಕುಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಮೊದಲ ಎಸೆತ ಎಡಗಡೆಯ ದಡಕ್ಕೆ ಸಮಾನಾಂತರವಾಗಿ, ಅಂಚಿನಿಂದ ಎರಡು ಮೂರು ಮೀಟರ್ ಆಚೆಗೆ ಇರಲಿ. ಮುಂದಿನದು ಸುಮಾರು 20 ಡಿಗ್ರಿ ಬಲಕ್ಕೆ, ಅದರ ಮುಂದಿನದು ಇನ್ನೂ ಅಷ್ಟು ಬಲಕ್ಕೆ, ಹೀಗೆ ಬೀಸಣಿಗೆ ಬಿಚ್ಚಿದಂತೆ ಬಲಗಡೆಯ ದಡವನ್ನು ಮುಟ್ಟುವವರೆಗೆ ಸಾಗಬೇಕು. ನೇರವಾಗಿ ನಡುನೀರಿಗೆ ಎಸೆಯುವ ಸರದಿ ತಾನಾಗಿ ಬರುತ್ತದೆ. ಅದರಿಂದ ಆರಂಭಿಸಿದರೆ ಕೊಕ್ಕೆಗೆ ಬಿದ್ದ ಮೊದಲ ಮೀನಿನ ಗದ್ದಲಕ್ಕೆ ಅಂಚಿನ ಮೀನುಗಳೆಲ್ಲ ಚದುರುತ್ತವೆ.

ಎಣಿಕೆ: ಆಳವನ್ನು ಹುಡುಕುವ ಕ್ರಮ

ದಡದ ಗಾಳದಲ್ಲಿ ಮೀನು ಹಿಡಿಯುವವರನ್ನೂ ಬರಿಗೈಯಲ್ಲಿ ಮರಳುವವರನ್ನೂ ಬೇರ್ಪಡಿಸುವುದು ಇದೊಂದೇ ಎಂದರೆ ಹೆಚ್ಚೇನೂ ಅಲ್ಲ. ಮೊದಲು ನಿಮ್ಮ ಲೂರ್ ಎಷ್ಟು ವೇಗವಾಗಿ ಮುಳುಗುತ್ತದೆ ಎಂದು ತಿಳಿದುಕೊಳ್ಳಬೇಕು. ತಳ ಕಾಣುವ, ಆಳವನ್ನು ಕೋಲಿನಿಂದ ಅಳೆಯಬಹುದಾದ ಜಾಗದಲ್ಲಿ ದಾರ ಸಡಿಲಬಿಟ್ಟು ಲೂರನ್ನು ಇಳಿಸಿ, ತಳ ಮುಟ್ಟುವವರೆಗೆ ಸೆಕೆಂಡುಗಳನ್ನು ಎಣಿಸಿ. 2 ಮೀಟರ್ ಆಳಕ್ಕೆ 5 ಸೆಕೆಂಡು ಹಿಡಿದರೆ ಅದು ಸೆಕೆಂಡಿಗೆ 40 ಸೆಂಟಿಮೀಟರ್ ಇಳಿಯುತ್ತದೆ ಎಂದಾಯಿತು. ಪೆಟ್ಟಿಗೆಯಲ್ಲಿರುವ ಪ್ರತಿ ಲೂರಿಗೂ ಹೀಗೆ ಒಂದು ಸಂಖ್ಯೆ ಗೊತ್ತಿರಲಿ.

ಅನಂತರ ನಿಂತ ಜಾಗದಲ್ಲಿ ಲೂರ್ ಎಸೆದು, ಅದು ನೀರು ಮುಟ್ಟಿದೊಡನೆ ಎಣಿಸಲು ಆರಂಭಿಸಿ. ದಾರ ತಟಕ್ಕನೆ ಸಡಿಲಾದಾಗ ತಳ ಸಿಕ್ಕಿದೆ. ಅಲ್ಲಿ 12 ಎಣಿಕೆಯಾಯಿತೆಂದುಕೊಳ್ಳೋಣ. ಮೊದಲ ಸುತ್ತಿನ ಎಸೆತಗಳನ್ನೆಲ್ಲ 3ಕ್ಕೆ ಎಳೆಯಿರಿ, ಎರಡನೆಯ ಸುತ್ತನ್ನು 6ಕ್ಕೆ, ಮೂರನೆಯದನ್ನು 10ಕ್ಕೆ. ಎಲ್ಲಿ ಮೊದಲ ಕಚ್ಚು ಬಿತ್ತೋ ಆ ಸಂಖ್ಯೆಯನ್ನು ನೆನಪಿಟ್ಟುಕೊಂಡು ಮುಂದಿನ ಎಸೆತಗಳನ್ನು ಅದಕ್ಕೇ ಕಟ್ಟಿಹಾಕಿ, ಏಕೆಂದರೆ ಒಂದೇ ಹೊತ್ತಿನಲ್ಲಿ ಅಲೆಯುವ ಮೀನುಗಳು ಬಹುಮಟ್ಟಿಗೆ ಒಂದೇ ಆಳದಲ್ಲಿರುತ್ತವೆ. ಲೂರ್ ಮುಳುಗುತ್ತಿರುವಾಗಲೂ ದಾರದ ಮೇಲೆ ಕಣ್ಣಿರಲಿ. ಎಂಟಕ್ಕೇ ಸಡಿಲಾದರೆ ತಳ ಎದ್ದು ಬಂದಿಲ್ಲ, ಮೀನು ಹಿಡಿದಿದೆ.

ಇಲ್ಲಿ ದಡದವರಿಗೆ ದೋಣಿಯವರಿಗಿಲ್ಲದ ಅನುಕೂಲವೊಂದಿದೆ. ಎಳೆದ ಲೂರ್ ಹತ್ತಿರ ಬಂದಂತೆ ಮೇಲೇರುತ್ತದೆ. ತಳವೂ ದಡದ ಕಡೆಗೆ ಮೇಲೇರುತ್ತದೆ. ವೇಗವನ್ನು ಹೊಂದಿಸಿಕೊಂಡರೆ ಲೂರ್ ತಳದಿಂದ ಒಂದೇ ಅಂತರದಲ್ಲಿ ಇಳಿಜಾರನ್ನು ಹತ್ತಿಕೊಂಡು ಬರುತ್ತದೆ, ಮೀನಿನಿಂದ ತಪ್ಪಿಸಿಕೊಂಡು ಆಳವಿಲ್ಲದ ನೀರಿಗೆ ಓಡುವ ಮರಿಯಂತೆ.

ಎಳೆಯುವ ರೀತಿ

ಲೂರ್ ಸರಿಯಾಗಿ ಕೆಲಸ ಮಾಡುವ ಅತ್ಯಂತ ನಿಧಾನದ ವೇಗವೇ ಆರಂಭಕ್ಕೆ ಸರಿಯಾದ ವೇಗ. ಅದನ್ನು ಕಾಲ ಬಳಿಯ ನೀರಿನಲ್ಲಿ ಎಳೆದು ನೋಡಿ ತಿಳಿಯಬೇಕು: ಸ್ಪೂನ್ ಎರಡು ಪಕ್ಕಕ್ಕೆ ಹೊಯ್ದಾಡಬೇಕೇ ಹೊರತು ಗಿರಕಿ ಹೊಡೆಯಬಾರದು, ಸ್ಪಿನ್ನರಿನ ತಗಡು ನಿಲ್ಲದೆ ಸುತ್ತಬೇಕು. ಸ್ಪಿನ್ನರ್ ಎಳೆಯುವಾಗ ಆರಂಭದಲ್ಲಿ ಕೋಲಿನ ತುದಿಯನ್ನು ಒಮ್ಮೆ ಚುರುಕಾಗಿ ಮಿಡಿದರೆ ತಗಡು ತಿರುಗಲು ತೊಡಗುತ್ತದೆ, ಆಮೇಲೆ ಒಂದೇ ಸಮನೆ ಸುತ್ತಿದರೆ ಸಾಕು.

ಸ್ಪೂನಿಗೆ ಒಂದೇ ಲಯ ಬೇಡ. ಐದಾರು ಸುತ್ತು ಎಳೆದು, ಒಂದು ಕ್ಷಣ ನಿಲ್ಲಿಸಿ ತೊನೆಯುತ್ತ ಇಳಿಯಲು ಬಿಟ್ಟು, ಮತ್ತೆ ಎಳೆಯಿರಿ. ಬೆನ್ನಟ್ಟಿ ಬಂದ ಟ್ರೌಟ್ ಕಚ್ಚುವುದು ಹೆಚ್ಚಾಗಿ ಈ ಬದಲಾವಣೆಯ ಗಳಿಗೆಯಲ್ಲಿ. ಪ್ಲಗ್ಗನ್ನು ಎಳೆಯುವಾಗ ಕೋಲಿನ ತುದಿಯಿಂದ ಎರಡು ಸಲ ಮಿಡಿದು ನಿಲ್ಲಿಸುವುದು, ಜಿಗ್ಗನ್ನು ತಳದಿಂದ ಒಂದು ಗೇಣು ಎತ್ತಿ ಬಿಗಿಯಾದ ದಾರದಲ್ಲೇ ಇಳಿಯಬಿಡುವುದು ಕ್ರಮ. ನೀರು ತಣ್ಣಗಿದ್ದಷ್ಟೂ ನಿಲುಗಡೆ ದೀರ್ಘವಾಗಬೇಕು.

ಕೊನೆಯ ಐದು ಮೀಟರುಗಳಲ್ಲಿ ಅವಸರ ಮಾಡುವವರೇ ಹೆಚ್ಚು. ಹಿಂಬಾಲಿಸಿ ಬಂದ ಮೀನು ದಡ ಎದುರಾದಾಗ ಕಚ್ಚಬೇಕೋ ಹಿಂದಿರುಗಬೇಕೋ ಎಂದು ತೀರ್ಮಾನಿಸುವುದು ಅಲ್ಲಿಯೇ. ಕೋಲನ್ನು ಒಂದು ಪಕ್ಕಕ್ಕೆ ಹೊರಳಿಸಿ ಲೂರನ್ನು ದಡಕ್ಕೆ ಸಮಾನಾಂತರವಾಗಿ ತಿರುಗಿಸಿ, ನೀರಿನಿಂದ ಎತ್ತುವ ಮುನ್ನ ಕ್ಷಣಕಾಲ ನಿಲ್ಲಿಸಿ.

ಇಪ್ಪತ್ತೈದು ಮೂವತ್ತು ಎಸೆತಗಳಲ್ಲಿ ಎಲ್ಲ ಮಟ್ಟಗಳನ್ನೂ ಹುಡುಕಿ ಏನೂ ಆಗದಿದ್ದರೆ 20–30 ಮೀಟರ್ ಮುಂದಕ್ಕೆ ಸರಿಯಿರಿ. ಲೂರ್ ಬದಲಾಯಿಸುವುದು ಅದಾದ ಮೇಲಿನ ಮಾತು. ಮೀನು ಹಿಂದೆ ಬಂದು ಕಚ್ಚದೆ ತಿರುಗುತ್ತಿರುವುದು ಕಣ್ಣಿಗೆ ಬಿದ್ದರೆ ಮಾತ್ರ ಅಲ್ಲೇ ನಿಂತು, ಚಿಕ್ಕ ಅಳತೆಯ ಅಥವಾ ಮಂಕು ಬಣ್ಣದ ಲೂರಿಗೆ ಬದಲಾಗಬೇಕು.

ಕಚ್ಚಿದ ಮೇಲೆ

ಡ್ರ್ಯಾಗನ್ನು ಮೊದಲೇ ಹೊಂದಿಸಿರಬೇಕು. ದಾರ ಹರಿಯುವ ಬಲದ ನಾಲ್ಕನೆಯ ಒಂದು ಭಾಗಕ್ಕೆ ರೀಲು ದಾರ ಬಿಡಲಾರಂಭಿಸಬೇಕು: 2.7 ಕಿಲೋ ತಡೆಯುವ ದಾರವಾದರೆ ಸುಮಾರು 700 ಗ್ರಾಂ ಎಳೆತಕ್ಕೆ. ಸಣ್ಣ ತೂಕದ ಕೊಕ್ಕೆತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಬಹುದು.

ಟಕ್ ಎಂದು ತಟ್ಟಿದ ಮಾತ್ರಕ್ಕೆ ಕೋಲನ್ನು ಜಗ್ಗಬೇಡಿ, ಎಳೆಯುವುದನ್ನೂ ನಿಲ್ಲಿಸಬೇಡಿ. ಭಾರ ಕೈಗೆ ತಿಳಿದಾಗ ಕೋಲನ್ನು ಪಕ್ಕಕ್ಕೆ ದೃಢವಾಗಿ ಸರಿಸಿದರೆ ಮೊನಚಾದ ಒಂಟಿ ಕೊಕ್ಕೆ ತಾನೇ ನಾಟುತ್ತದೆ. ಅಲ್ಲಿಂದಾಚೆಗೆ ಕೋಲು ಸದಾ ಬಾಗಿರಬೇಕು, ದಾರ ಎಂದೂ ಸಡಿಲಾಗಬಾರದು. ಮೀನು ಓಡುವಾಗ ಹಿಡಿಕೆ ತಿರುಗಿಸುವುದು ವ್ಯರ್ಥ. ಅದು ದಾರವನ್ನು ಹುರಿಗೊಳಿಸುತ್ತದೆ ಅಷ್ಟೇ. ನಿಂತಾಗ ಕೋಲನ್ನು ಮೆಲ್ಲನೆ ಎತ್ತಿ, ಇಳಿಸುತ್ತ ಸುತ್ತಿಕೊಳ್ಳಿ. ರೇನ್‌ಬೋ ನೀರಿನಿಂದ ಮೇಲಕ್ಕೆ ಜಿಗಿಯುವ ಗಳಿಗೆಯಲ್ಲಿ ಕೋಲಿನ ತುದಿಯನ್ನು ಅದರ ಕಡೆಗೆ ತಗ್ಗಿಸಿದರೆ ಬಿಗಿದ ದಾರದ ಮೇಲೆ ಮೀನಿನ ಪೂರ್ತಿ ಭಾರ ಬೀಳುವುದು ತಪ್ಪುತ್ತದೆ. ಕಲ್ಲು ಅಥವಾ ಜೊಂಡಿನ ಕಡೆ ನುಗ್ಗಿದರೆ ಕೋಲನ್ನು ಮೇಲಕ್ಕಲ್ಲ, ಎದುರು ಪಕ್ಕಕ್ಕೆ ಅಡ್ಡವಾಗಿ ವಾಲಿಸಿ ತಿರುಗಿಸಬೇಕು. ಕೈಬಲೆಯನ್ನು ಮೀನಿನ ಹಿಂದೆ ಓಡಿಸದೆ ಮುಂಚಿತವಾಗಿ ನೀರಿನೊಳಗಿಟ್ಟು, ಮೀನಿನ ತಲೆಯನ್ನು ಅದರ ಮೇಲೆ ತಂದು ಎತ್ತಬೇಕು.

ಬಿಡುವುದು ಅಥವಾ ಒಯ್ಯುವುದು

ಬಿಡುವುದಾದರೆ ಎಲ್ಲವೂ ನೀರಿನಲ್ಲಿಯೇ ನಡೆಯಲಿ. ಒದ್ದೆ ಕೈಯಿಂದಲೇ ಮುಟ್ಟಬೇಕು, ಏಕೆಂದರೆ ಒಣಗಿದ ಕೈ ಮೀನಿನ ಮೈಯನ್ನು ಸೋಂಕಿನಿಂದ ಕಾಯುವ ಲೋಳೆಯನ್ನು ಒರೆಸಿಬಿಡುತ್ತದೆ. ಇಕ್ಕಳದಿಂದ ಕೊಕ್ಕೆಯ ಬಾಗದ ನೇರ ಭಾಗವನ್ನು ಹಿಡಿದು, ನಾಟಿದ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ತಳ್ಳಿದರೆ ಮುಳ್ಳಿಲ್ಲದ ಕೊಕ್ಕೆ ಜಾರಿ ಬರುತ್ತದೆ. ಗಂಟಲಿನ ಆಳಕ್ಕೆ ಹೋಗಿದ್ದರೆ ಕೆದಕುವ ಬದಲು ದಾರ ಕತ್ತರಿಸುವುದು ಮೇಲು. ಕಿವಿರಿಗೆ ಬೆರಳು ಹಾಕಬಾರದು, ಹೊಟ್ಟೆಯನ್ನು ಹಿಸುಕಬಾರದು. ಚಿತ್ರ ತೆಗೆಯಲೇಬೇಕಿದ್ದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನೀರಿನಿಂದ ಹೊರಗಿಡಬೇಡಿ. ದಣಿದ ಮೀನನ್ನು ನೇರವಾಗಿ ನಿಲ್ಲುವಂತೆ ಕೆಳಗಿನಿಂದ ಆನಿಸಿಕೊಂಡು, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಬೇಕು. ನೀರು 18 ಡಿಗ್ರಿ ದಾಟಿದಾಗ ಹೋರಾಟವನ್ನು ಚುಟುಕಾಗಿ ಮುಗಿಸಬೇಕು. 20 ಡಿಗ್ರಿಯಲ್ಲಿ ಕೋಲನ್ನು ಮಡಚಿಡುವುದೇ ಸರಿ, ಏಕೆಂದರೆ ಆಗ ಈಜಿಕೊಂಡು ಹೋದಂತೆ ಕಂಡ ಮೀನೂ ಆಮೇಲೆ ಸಾಯುವ ಸಂಭವ ಹೆಚ್ಚು.

ನಿಯಮ ಅನುಮತಿಸಿ, ತಿನ್ನಲು ಒಯ್ಯುವುದಾದರೆ ಕಣ್ಣುಗಳ ಹಿಂದೆ ನೆತ್ತಿಯ ಮೇಲೆ ಭಾರದ ಕೋಲಿನಿಂದ ಒಂದೆರಡು ಬಲವಾದ ಪೆಟ್ಟು ಕೊಟ್ಟು ತಕ್ಷಣ ಕೊಲ್ಲಬೇಕು. ದಡದಲ್ಲಿ ಒದ್ದಾಡಲು ಬಿಡುವುದು ಕ್ರೌರ್ಯ, ಮಾಂಸಕ್ಕೂ ಕೇಡು. ಕಿವಿರನ್ನು ಕತ್ತರಿಸಿ ರಕ್ತ ಬಸಿದು, ಆದಷ್ಟು ಬೇಗ ಹೊಟ್ಟೆ ಶುಚಿ ಮಾಡಿ ಮಂಜುಗಡ್ಡೆಯ ಮೇಲಿಡಿ.

ಹೊರಡುವಾಗ

ಗುಡುಗಿನ ಸದ್ದು ಕೇಳಿದ ಕೂಡಲೇ ಕೋಲನ್ನು ಕೆಳಗಿಟ್ಟು ನೀರಿನಿಂದ ದೂರ ಸರಿಯಿರಿ. ಕಾರ್ಬನ್ ನಾರಿನ ಕೋಲು ವಿದ್ಯುತ್ತಿಗೆ ಒಳ್ಳೆಯ ವಾಹಕ. ಕತ್ತರಿಸಿದ ದಾರದ ತುಂಡುಗಳನ್ನು ಜೇಬಿಗೆ ಹಾಕಿಕೊಳ್ಳಿ, ಅವು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ.

ಬೇರೊಂದು ಸರೋವರಕ್ಕೆ ಹೋಗುವ ಮುನ್ನ ಬೂಟು, ಕೈಬಲೆ ಮತ್ತು ಲೂರುಗಳಿಗೆ ಅಂಟಿದ ಕಳೆ, ಕೆಸರನ್ನು ಅಲ್ಲಿಯೇ ತೆಗೆದು, ಮನೆಯಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿಗಳು ಒಂದು ಹನಿ ನೀರಿನಲ್ಲೂ ಪಯಣಿಸಬಲ್ಲವು. ಲೂರುಗಳನ್ನು ಒದ್ದೆಯಾಗಿಯೇ ಪೆಟ್ಟಿಗೆಗೆ ಸೇರಿಸಿದರೆ ಒಂದರ ತುಕ್ಕು ಎಲ್ಲವಕ್ಕೂ ಹರಡುತ್ತದೆ. ರಾತ್ರಿಯಿಡೀ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು, ಬೆಳಗ್ಗೆ ಪ್ರತಿ ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡಿ. ಕಚ್ಚಿಕೊಂಡು ನಿಂತರೆ ಮೊನಚಾಗಿದೆ. ಜಾರಿದರೆ ಸಣ್ಣ ಅರದಿಂದ ಮಸೆಯಬೇಕು.